ಗೋಬಿ-ಆಲ್ಟಾಯ್ ಪಾಳುನೆಲವಲ್ಲ

ಸಂಪಾದಕರಿಗೆ,

ಮಾನ್ಯರೇ,

ಮಂಗೋಲಿಯಾದ ನೈಋತ್ಯ ಮೂಲೆಯಲ್ಲಿರುವ ಗೋಬಿ-ಆಲ್ಟಾಯ್ ಪ್ರಾಂತ್ಯವನ್ನು ಪರಿಚಯಿಸುವ ಕಿರುಬರಹವೊಂದು ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಪ್ರಕಟವಾಗಿತ್ತು. ಅಷ್ಟು ದೂರದ ನಾಡಿನ ವಿಷಯ ನಮ್ಮ ಊರಿನ ಮಕ್ಕಳ ಕೈಗೆ ಕನ್ನಡದಲ್ಲಿಯೇ ತಲುಪಿದ್ದಕ್ಕೆ ಪತ್ರಿಕೆಗೆ ಕೃತಜ್ಞತೆಗಳು ಸಲ್ಲಬೇಕು. ಆದರೆ ಆ ಬರಹವು ಪ್ರಾಂತ್ಯದ ವಿಸ್ತೀರ್ಣವನ್ನೂ ಜನಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಅಲ್ಲಿರುವುದು ಯಾರಿಗೂ ಬೇಡವಾದ ಮರಳುಗಾಡು ಎಂಬ ತೀರ್ಮಾನಕ್ಕೆ ಬಂದು ನಿಂತಿದೆ. ಕಡೂರು ಸೀಮೆಯ ಪ್ರೌಢಶಾಲೆಗಳಲ್ಲಿ ಬಹುಕಾಲ ಭೂಗೋಳ ಕಲಿಸಿದವನಾಗಿ, ಆ ತೀರ್ಮಾನ ಮಕ್ಕಳ ಮನಸ್ಸಿನಲ್ಲಿ ಹಾಗೆಯೇ ಉಳಿಯಬಾರದೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಬರಹದಲ್ಲಿದ್ದ ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಗೋಬಿ-ಆಲ್ಟಾಯ್ ಪ್ರಾಂತ್ಯದ ವಿಸ್ತೀರ್ಣ ಸುಮಾರು 1,41,000 ಚದರ ಕಿಲೋಮೀಟರ್. ಅಲ್ಲಿನ ಜನಸಂಖ್ಯೆ 57,000ದ ಆಸುಪಾಸು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ವಿಸ್ತೀರ್ಣ 7,201 ಚದರ ಕಿಲೋಮೀಟರ್, 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 11 ಲಕ್ಷ 37 ಸಾವಿರ. ಅಂದರೆ ನಮ್ಮ ಜಿಲ್ಲೆಗಿಂತ ಹೆಚ್ಚುಕಡಿಮೆ ಇಪ್ಪತ್ತು ಪಟ್ಟು ದೊಡ್ಡದಾದ ನೆಲದಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆಯ ಇಪ್ಪತ್ತನೆಯ ಒಂದು ಪಾಲು ಜನ ಇದ್ದಾರೆ. ಒಬ್ಬೊಬ್ಬರ ಪಾಲಿಗೆ ಎರಡೂವರೆ ಚದರ ಕಿಲೋಮೀಟರ್ ಬರುತ್ತದೆ. ಈ ಲೆಕ್ಕವನ್ನು ಕಂಡ ಕೂಡಲೇ ಅಷ್ಟು ನೆಲ ಸುಮ್ಮನೆ ಬಿದ್ದಿದೆ ಎಂದು ಅನ್ನಿಸುವುದು ಸಹಜವೇ. ಆದರೆ ಒಂದು ಸಂಸಾರ ಬದುಕಲು ಅಲ್ಲಿ ಎಷ್ಟು ನೆಲ ಬೇಕಾಗುತ್ತದೆ, ಮತ್ತು ವರ್ಷದ ಯಾವ ತಿಂಗಳಲ್ಲಿ ಯಾವ ನೆಲ ಬೇಕಾಗುತ್ತದೆ ಎಂಬುದನ್ನು ಕೇಳದೆ ಆ ಲೆಕ್ಕವನ್ನು ಓದಲಾಗದು.

ಮೊದಲು ಭೂಸ್ವರೂಪವನ್ನು ನೋಡೋಣ. ಆಲ್ಟಾಯ್ ಪರ್ವತಶ್ರೇಣಿಯು ವಾಯವ್ಯದಿಂದ ಆಗ್ನೇಯಕ್ಕೆ ಈ ಪ್ರಾಂತ್ಯವನ್ನು ಹಾದುಹೋಗುತ್ತದೆ. ಪಶ್ಚಿಮದ ಗಡಿಯಲ್ಲಿರುವ ಸುತಾಯ್ ಶಿಖರ 4,000 ಮೀಟರನ್ನು ಮೀರಿದ್ದು, ಅದರ ನೆತ್ತಿಯ ಮೇಲೆ ವರ್ಷವಿಡೀ ಹಿಮವಿರುತ್ತದೆ. ಪ್ರಾಂತ್ಯದ ಆಡಳಿತ ಕೇಂದ್ರದ ಹೆಸರೂ ಆಲ್ಟಾಯ್ ಎಂದೇ. ರಾಜಧಾನಿ ಉಲಾನ್‌ಬಾತರ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿರುವ ಆ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 2,180 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂಬುದನ್ನು ನೆನೆದರೆ, ಅಲ್ಲಿನ ಅಂಚೆ ಕಚೇರಿ, ಶಾಲೆ, ಆಸ್ಪತ್ರೆ ಎಲ್ಲವೂ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿವೆ ಎಂಬುದು ನಮ್ಮ ಮಕ್ಕಳಿಗೆ ಕೂಡಲೇ ಮನದಟ್ಟಾಗುತ್ತದೆ. ಜನವರಿ ತಿಂಗಳ ಸರಾಸರಿ ಉಷ್ಣತೆ ಸೊನ್ನೆಗಿಂತ ಹದಿನೈದು ಡಿಗ್ರಿಗೂ ಕೆಳಗಿರುತ್ತದೆ. ಬೇಸಿಗೆಯಲ್ಲಿ ಪರ್ವತದ ದಕ್ಷಿಣಕ್ಕಿರುವ ಬಯಲು ಚೆನ್ನಾಗಿ ಕಾಯುತ್ತದೆ.

ಮರಳುಗಾಡು ಎಂಬ ವರ್ಣನೆಯೂ ಪೂರ್ತಿ ಸರಿಯಲ್ಲ. ಗೋಬಿ ಪ್ರದೇಶದಲ್ಲಿ ಮರಳಿನ ದಿಬ್ಬಗಳು ಆವರಿಸಿರುವುದು ಅಲ್ಪಭಾಗವನ್ನು ಮಾತ್ರ. ಉಳಿದದ್ದೆಲ್ಲ ಗರಸು ನೆಲ, ಕಲ್ಲುಬೋರೆ, ಉಪ್ಪು ಕಟ್ಟಿದ ತಗ್ಗು, ಒಣ ಹುಲ್ಲುಗಾವಲು. ದಕ್ಷಿಣದಲ್ಲಿ ಸಾಕ್ಸೌಲ್ ಎಂಬ ಗಿಡ್ಡನೆಯ, ಗಟ್ಟಿ ಕಾಂಡದ ಮರಗಳ ಕುರುಚಲು ಕಾಡುಗಳಿವೆ. ಬಹಳ ಆಳಕ್ಕೆ ಬೇರಿಳಿಸಿ ಮಣ್ಣನ್ನು ಹಿಡಿದಿಡುವ ಈ ಮರ ಅಲ್ಲಿಯ ಒಂಟೆಗಳಿಗೆ ಮೇವು, ಜನರಿಗೆ ಸೌದೆ. ಉತ್ತರದ ಅಂಚಿನಲ್ಲಿ ಜಾವ್ಖಾನ್ ನದಿ ಹರಿಯುತ್ತದೆ. ಅದು ಯಾವ ಸಮುದ್ರವನ್ನೂ ಸೇರದೆ ಒಳನಾಡಿನ ಸರೋವರಗಳಲ್ಲಿಯೇ ಕೊನೆಗೊಳ್ಳುತ್ತದೆ. ತೈಶಿರ್ ಎಂಬಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿ 11 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಕೇಂದ್ರವೊಂದನ್ನು ಸ್ಥಾಪಿಸಿದ್ದಾರೆ.

ಅಲ್ಲಿಯ ಬದುಕಿನ ಕೀಲಿ ಇರುವುದು ಮಳೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಶೃಂಗೇರಿಗೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಡೂರಿಗೆ ಆರುನೂರು ಬಿದ್ದರೆ ಸಮಾಧಾನ. ಗೋಬಿ-ಆಲ್ಟಾಯ್‌ನಲ್ಲಿ ಪರ್ವತದ ತಪ್ಪಲಿಗೆ ಇನ್ನೂರು ಮಿಲಿಮೀಟರಿನ ಹತ್ತಿರ, ದಕ್ಷಿಣದ ಗೋಬಿಯಲ್ಲಿ ನೂರಕ್ಕೂ ಕಡಿಮೆ. ಅದರಲ್ಲೂ ಬಹುಪಾಲು ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಬರುತ್ತದೆ. ಮಳೆ ಕಡಿಮೆ ಎಂಬುದಕ್ಕಿಂತ ಅದು ಎಲ್ಲಿ ಬೀಳುತ್ತದೆಂದು ಮೊದಲೇ ಹೇಳಲಾಗದು ಎಂಬುದೇ ಮುಖ್ಯ ಸಂಗತಿ. ಈ ವರ್ಷ ಒಂದು ಕಣಿವೆಯಲ್ಲಿ ಹದವಾಗಿ ಮಳೆಯಾಗಿ ಹುಲ್ಲು ಮೊಳಕಾಲುದ್ದ ಬೆಳೆದರೆ, ಅದರ ಪಕ್ಕದ ಕಣಿವೆ ಬಣಗುಟ್ಟುತ್ತದೆ. ಮರುವರ್ಷ ಪರಿಸ್ಥಿತಿ ತಿರುವುಮುರುವಾಗಬಹುದು. ಇಂಥ ನೆಲವನ್ನು ತುಂಡು ಮಾಡಿ, ಬೇಲಿ ಹಾಕಿ, ಒಂದೊಂದು ಸಂಸಾರಕ್ಕೆ ಒಂದೊಂದು ಹಿಸ್ಸೆ ಹಂಚಿದರೆ ಆ ಬೇಲಿಯೊಳಗೆ ಹುಲ್ಲು ಬೆಳೆಯದ ವರ್ಷ ಆ ಸಂಸಾರದ ದನಕರು ಸಾಯಬೇಕಾಗುತ್ತದೆ. ಆದ್ದರಿಂದ ಅಲ್ಲಿಯ ಜನ ಮಳೆಯ ಹಿಂದೆ, ಹುಲ್ಲಿನ ಹಿಂದೆ ನಡೆಯುವ ಬದುಕನ್ನು ರೂಢಿಸಿಕೊಂಡಿದ್ದಾರೆ. ಹಿಂದುಳಿದವರೆಂದು ಕರೆಸಿಕೊಳ್ಳುವ ಈ ಪಶುಪಾಲಕರು ಆ ಹವಾಮಾನವನ್ನು ಎಷ್ಟು ಸೂಕ್ಷ್ಮವಾಗಿ ಅರಿತಿದ್ದಾರೆಂದರೆ, ಅವರ ನಡಿಗೆಯ ದಾರಿಯನ್ನು ನಕ್ಷೆಯ ಮೇಲೆ ಗುರುತಿಸಿದರೆ ಅದೇ ಆ ಪ್ರಾಂತ್ಯದ ಹವಾಮಾನದ ನಕ್ಷೆಯೂ ಆಗುತ್ತದೆ.

ಈ ನಡಿಗೆ ಅಲೆದಾಟವಲ್ಲ, ಅದಕ್ಕೆ ಗೊತ್ತಾದ ಕಟ್ಟಳೆಯಿದೆ. ಪ್ರತಿ ಸಂಸಾರಕ್ಕೂ ಚಳಿಗಾಲದ, ವಸಂತದ, ಬೇಸಿಗೆಯ ಹಾಗೂ ಶರತ್ಕಾಲದ ಬೀಡುಗಳೆಂದು ನಾಲ್ಕು ಠಿಕಾಣಿಗಳಿರುತ್ತವೆ. ಪರ್ವತದ ದಕ್ಷಿಣ ಮಗ್ಗುಲಿನ ಅನೇಕ ಸಂಸಾರಗಳು ಬೇಸಿಗೆಯಲ್ಲಿ ಆಲ್ಟಾಯ್‌ನ ಎತ್ತರದ ತಂಪು ಹುಲ್ಲುಗಾವಲಿಗೆ ಏರಿ, ಚಳಿಗಾಲಕ್ಕೆ ಹಿಮ ಕಡಿಮೆ ಬೀಳುವ ಗೋಬಿಯ ಬಯಲಿಗೆ ಇಳಿಯುತ್ತವೆ. ಚಳಿಗಾಲದ ಬೀಡಿನಲ್ಲಿ ಗಾಳಿಗೆ ಮರೆಯಾಗಿ ಕಟ್ಟಿದ ಕಲ್ಲಿನ ಅಥವಾ ಮರದ ದೊಡ್ಡಿ ಇರುತ್ತದೆ. ವರ್ಷವರ್ಷವೂ ಒತ್ತಿ ಗಟ್ಟಿಯಾದ ಗೊಬ್ಬರದ ದಪ್ಪ ಪದರ ಅದರ ನೆಲದಲ್ಲಿದ್ದು, ಕುರಿ ಆಡುಗಳು ಮಲಗಿದಾಗ ಕೆಳಗಿನಿಂದ ಬರುವ ಶೀತವನ್ನು ತಡೆಯುತ್ತದೆ. ಒಣಗಿದ ಸಗಣಿಯೇ ಒಲೆಯ ಉರುವಲು. ಯಾವ ಸಂಸಾರ ಎಲ್ಲಿ ಚಳಿಗಾಲ ಕಳೆಯುತ್ತದೆಂಬುದು ಸುತ್ತಲಿನವರಿಗೆಲ್ಲ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಆ ಜಾಗವನ್ನು ಹಾದುಹೋಗುವ ನಮ್ಮಂಥವರ ಕಣ್ಣಿಗೆ ಒಂದು ಖಾಲಿ ದೊಡ್ಡಿ ಮಾತ್ರ ಕಂಡೀತು. ಆದರೆ ಅದರ ಸುತ್ತಲಿನ ಹುಲ್ಲನ್ನು ಮೇಯಿಸದೆ ಬಿಟ್ಟಿರುವುದು ಉದ್ದೇಶಪೂರ್ವಕವಾಗಿ, ಫೆಬ್ರುವರಿ, ಮಾರ್ಚ್ ತಿಂಗಳಿಗೆಂದು ತೆಗೆದಿರಿಸಿದ ಮೇವು ಅದು.

ವಾಸದ ಮನೆಯಾದ ಗೆರ್ ಕೂಡ ಇದೇ ಲೆಕ್ಕಾಚಾರದ ಫಲ. ಮಡಚಿ ಒಯ್ಯಬಹುದಾದ ಮರದ ಜಾಲರಿಯೇ ಗೋಡೆ. ಅದರ ಮೇಲಿನಿಂದ ನೆತ್ತಿಯ ಬಳೆಗೆ ಸೇರುವ ಗಳುಗಳು. ಹೊದಿಕೆಗೆ ಕುರಿಯ ಉಣ್ಣೆಯ ದಪ್ಪ ಹಾಸು. ನಮ್ಮ ಕಡೆ ಕುರುಬರು ಮಗ್ಗದಲ್ಲಿ ನೇಯುವ ಕಂಬಳಿಯಂತೆ ಈ ಹಾಸನ್ನು ನೇಯುವುದಿಲ್ಲ. ಉಣ್ಣೆಯನ್ನು ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರೆಯ ಅಥವಾ ಒಂಟೆಯ ಹಿಂದೆ ಎಳೆಸಿ ಎಳೆಗಳನ್ನು ಒಂದಕ್ಕೊಂದು ಕಚ್ಚಿಸುತ್ತಾರೆ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಹಿಂದೆ ಇಡೀ ಮನೆಯನ್ನು ಒಂಟೆಗಳ ಮೇಲೆ ಹೇರುತ್ತಿದ್ದರು. ಈಗ ಬಹುತೇಕ ಲಾರಿಯಲ್ಲಿ ಸಾಗಿಸುತ್ತಾರೆ. ಈ ಶತಮಾನದ ಆರಂಭದಲ್ಲಿ ಮಂಗೋಲಿಯಾ ಸರ್ಕಾರ ಕೈಗೊಂಡ 'ಒಂದು ಲಕ್ಷ ಸೌರ ಗೆರ್' ಯೋಜನೆಯಿಂದಾಗಿ ಮನೆಯ ಜೊತೆಯಲ್ಲೇ ಒಯ್ಯಬಹುದಾದ ಸೌರಫಲಕಗಳು ಪಶುಪಾಲಕರಿಗೆ ದೊರೆತು, ಕಂಬ ತಂತಿಗಳಿಲ್ಲದ ಕಡೆಯೂ ದೀಪ, ರೇಡಿಯೊ, ಟಿವಿ, ಮೊಬೈಲ್ ಬಂದಿವೆ. ಜನ ಒಂದೆಡೆ ನೆಲೆ ನಿಂತರೆ ಮಾತ್ರ ವಿದ್ಯುತ್ ಕೊಡಲು ಸಾಧ್ಯ ಎಂಬ ವಾದವನ್ನು ಒಪ್ಪದೆ, ನಡೆಯುವವರ ಜೊತೆಗೆ ನಡೆಯುವ ವಿದ್ಯುತ್ತನ್ನು ಕೊಟ್ಟ ಆ ಯೋಜನೆ ನನ್ನ ದೃಷ್ಟಿಯಲ್ಲಿ ಬಹಳ ವಿವೇಕದ್ದು.

ಅಂಥದೇ ವಿವೇಕ 1992ರ ಮಂಗೋಲಿಯಾ ಸಂವಿಧಾನದಲ್ಲಿದೆ. ಸಮಾಜವಾದಿ ಆಡಳಿತ ಕೊನೆಗೊಂಡು, ಎಲ್ಲವನ್ನೂ ಖಾಸಗಿಗೆ ಒಪ್ಪಿಸಬೇಕೆಂಬ ಒತ್ತಡ ಜೋರಾಗಿದ್ದ ಕಾಲದಲ್ಲಿ ರೂಪುಗೊಂಡ ಆ ಸಂವಿಧಾನ, ಜಾನುವಾರುಗಳನ್ನು ರಾಷ್ಟ್ರದ ಸಂಪತ್ತೆಂದು ಕರೆದು ಅವುಗಳಿಗೆ ರಾಜ್ಯದ ರಕ್ಷಣೆ ನೀಡಿತು. ಭೂಮಿಯನ್ನು ನಾಗರಿಕರ ಖಾಸಗಿ ಒಡೆತನಕ್ಕೆ ಕೊಡಬಹುದೆಂದು ಹೇಳುವಾಗಲೂ ಹುಲ್ಲುಗಾವಲನ್ನು ಅದರಿಂದ ಹೊರಗಿಟ್ಟಿತು. ಪಶು ಖಾಸಗಿ, ಹುಲ್ಲು ಸಮಷ್ಟಿಯದು ಎಂಬ ಈ ವ್ಯವಸ್ಥೆಯಲ್ಲಿ ತೊಡಕುಗಳಿಲ್ಲವೆಂದಲ್ಲ, ಅವುಗಳಿಗೆ ಮುಂದೆ ಬರುತ್ತೇನೆ. ಆದರೆ ಮಳೆ ಎಲ್ಲಿ ಬೀಳುತ್ತದೆಂದು ಗೊತ್ತಿಲ್ಲದ ನಾಡಿಗೆ ಬೇಲಿಯ ಕಾನೂನು ಹೊಂದುವುದಿಲ್ಲ ಎಂಬುದನ್ನು ಆ ದೇಶ ತನ್ನ ಅತ್ಯುನ್ನತ ದಾಖಲೆಯಲ್ಲಿಯೇ ಬರೆದಿಟ್ಟಿರುವುದು ಭೂಗೋಳದ ವಿದ್ಯಾರ್ಥಿಗಳೆಲ್ಲ ಗಮನಿಸಬೇಕಾದ ವಿಷಯ.

ನಡೆಯುವ ಸ್ವಾತಂತ್ರ್ಯಕ್ಕೆ ಎಷ್ಟು ಬೆಲೆಯಿದೆ ಎಂಬುದು ಜುಡ್ ಬಂದಾಗ ಗೊತ್ತಾಗುತ್ತದೆ. ಮೇವಿಗೆ ಬಾಯಿ ತಲುಪದಂತೆ ಮಾಡುವ ಭೀಕರ ಚಳಿಗಾಲಕ್ಕೆ ಅಲ್ಲಿ ಆ ಹೆಸರು. ಹಿಮ ಆಳವಾಗಿ ಬಿದ್ದು ಹುಲ್ಲು ಮುಚ್ಚಿಹೋದರೆ ಬಿಳಿ ಜುಡ್. ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಮಂಜುಗಡ್ಡೆಯ ಹಲಗೆ ಕೂತರೆ ಕಬ್ಬಿಣದ ಜುಡ್. ಹಿಮವೇ ಬೀಳದೆ, ಚಳಿಗಾಲದಲ್ಲಿ ಹಿಮವನ್ನೇ ತಿಂದು ಬಾಯಾರಿಕೆ ತೀರಿಸಿಕೊಳ್ಳುವ ಪಶುಗಳು ನೀರಿಲ್ಲದೆ ಸೊರಗಿದರೆ ಕಪ್ಪು ಜುಡ್. ಬೇಸಿಗೆಯ ಬರದಿಂದ ಮೈ ತುಂಬದ ಪಶುಗಳ ಮೇಲೆ ಇಂಥ ಚಳಿಗಾಲ ಬಿದ್ದಾಗ ಆಗುವ ಸಾವುನೋವು ಬಹಳ ದೊಡ್ಡದು. 2009–10ರ ಜುಡ್‌ನಲ್ಲಿ ಮಂಗೋಲಿಯಾದಾದ್ಯಂತ ಸುಮಾರು ಒಂದು ಕೋಟಿ ಜಾನುವಾರುಗಳು ಸತ್ತವು; 2023–24ರಲ್ಲಿ 70 ಲಕ್ಷಕ್ಕೂ ಹೆಚ್ಚು. ಹುಲ್ಲು ಇರುವೆಡೆಗೆ ಸಕಾಲದಲ್ಲಿ ಹಿಂಡನ್ನು ದೂರ ಅಟ್ಟಿಕೊಂಡು ಹೋಗುವುದೇ ಅಲ್ಲಿಯ ಜನ ತಲೆಮಾರುಗಳಿಂದ ನಂಬಿಕೊಂಡು ಬಂದ ಉಪಾಯ. ಅದನ್ನು ಅವರು ಒತೋರ್ ಎನ್ನುತ್ತಾರೆ.

ಈ ಪ್ರಾಂತ್ಯದ ನೈಋತ್ಯ ಅಂಚಿನಲ್ಲಿ, ನೆರೆಯ ಖೋವ್ದ್ ಪ್ರಾಂತ್ಯಕ್ಕೂ ಚಾಚಿಕೊಂಡಿರುವ ಮಹಾಗೋಬಿ 'ಬಿ' ಸಂರಕ್ಷಿತ ಪ್ರದೇಶದಲ್ಲಿ 2009–10ರ ಆ ಚಳಿಗಾಲದ ಪರಿಣಾಮವನ್ನು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಅಲ್ಲಿಯ ಪಶುಪಾಲಕರು ಸರಾಸರಿ ತಮ್ಮ ಜಾನುವಾರುಗಳ ಮೂರನೆಯ ಎರಡು ಪಾಲನ್ನು ಕಳೆದುಕೊಂಡರು. ತಾಖಿ ಎಂಬ ಕಾಡುಕುದುರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಆದರೆ ಅದೇ ಬಯಲಿನ ಕಾಡುಕತ್ತೆಗಳಿಗೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಹಿಮ ಎಲ್ಲೆಡೆಯೂ ಒಂದೇ ಆಳದಲ್ಲಿ ಬಿದ್ದಿರಲಿಲ್ಲ. ಕಾಡುಕತ್ತೆಗಳು ತಮ್ಮ ಚಳಿಗಾಲದ ಮೇವಿನ ಪ್ರದೇಶವನ್ನೇ ಬದಲಿಸಿ ಹಿಮ ಕಡಿಮೆಯಿದ್ದ ಕಡೆಗೆ ಸರಿದುಕೊಂಡವು. ಮತ್ತೆ ಕಾಡಿಗೆ ಬಿಟ್ಟು ಹೆಚ್ಚು ವರ್ಷಗಳಾಗಿರದ ತಾಖಿಗಳು ಮಾತ್ರ ತಮಗೆ ಪರಿಚಯವಿದ್ದ ಒಂದೆರಡು ಮೇವಿನ ತಾಣಗಳನ್ನು ಬಿಟ್ಟು ಕದಲಲಿಲ್ಲ. ಈ ಸಂಗತಿಯನ್ನು ಓದಿದಾಗಿನಿಂದ, ಒಂದು ನೆಲ ಎಷ್ಟು ಬಳಕೆಯಲ್ಲಿದೆ ಎಂದು ತಿಳಿಯಲು ಅಲ್ಲಿ ಎಷ್ಟು ಜನ ನೆಲೆಸಿದ್ದಾರೆಂದು ಎಣಿಸುವುದು ಸಾಲದು ಎಂಬ ನನ್ನ ನಂಬಿಕೆ ಇನ್ನಷ್ಟು ದೃಢವಾಗಿದೆ. ಹತ್ತು ವರ್ಷಕ್ಕೊಮ್ಮೆ ಬೇಕಾಗುವ ಹುಲ್ಲುಗಾವಲು ಉಳಿದ ಒಂಬತ್ತು ವರ್ಷ ಬರಿದಾಗಿ ಕಂಡರೂ, ಆ ಒಂದು ವರ್ಷ ಪ್ರಾಣ ಉಳಿಸುವುದು ಅದೇ.

ತಾಖಿಯ ಕಥೆಯನ್ನು ಮಕ್ಕಳಿಗೆ ಪ್ರತ್ಯೇಕವಾಗಿ ಹೇಳಬೇಕು. ಕಾಡಿನಲ್ಲಿ ಅದು ಕೊನೆಯದಾಗಿ ಕಂಡದ್ದು 1969ರಲ್ಲಿ, ಇದೇ ಗೋಬಿ ಪ್ರದೇಶದಲ್ಲಿ. ಬೇರೆ ದೇಶಗಳ ಮೃಗಾಲಯಗಳಲ್ಲಿ ಉಳಿದಿದ್ದ ಬೆರಳೆಣಿಕೆಯ ಕುದುರೆಗಳ ಸಂತತಿಯನ್ನು 1992ರಲ್ಲಿ ಇಲ್ಲಿಯ ತಾಖಿನ್ ತಾಲ್ ಎಂಬ ಬಯಲಿಗೆ ಮರಳಿ ತಂದರು. ಪೂರ್ವಕ್ಕೆ, 1975ರಲ್ಲಿ ಘೋಷಿತವಾದ ಮಹಾಗೋಬಿ ಸಂರಕ್ಷಿತ ಪ್ರದೇಶದ 'ಎ' ಭಾಗದಲ್ಲಿ, ಲೋಕದ ಬೇರೆಲ್ಲಿಯೂ ಇಲ್ಲದ ಮಜಾಲೈ ಎಂಬ ಗೋಬಿ ಕರಡಿಗಳಿವೆ. ಅವುಗಳ ಸಂಖ್ಯೆ ಐವತ್ತರ ಆಸುಪಾಸಿನಲ್ಲಿದೆ. ಉಪ್ಪುನೀರನ್ನು ಕುಡಿದು ಬದುಕಬಲ್ಲ, ಅಳಿವಿನ ಅಂಚಿನಲ್ಲಿರುವ ಎರಡು ಡುಬ್ಬದ ಕಾಡು ಒಂಟೆಗೂ ಅದೇ ಆಸರೆ. ಪರ್ವತದ ಉತ್ತರಕ್ಕೆ ಶರ್ಗಾ ಬಯಲಿನಲ್ಲಿ ಸಾಯ್ಗಾ ಎಂಬ ಉಬ್ಬಿದ ಮೂತಿಯ ಜಿಂಕೆಯಂಥ ಪ್ರಾಣಿಯಿದೆ. 2016ರ ಕೊನೆಯಲ್ಲಿ ಪಶ್ಚಿಮ ಮಂಗೋಲಿಯಾದ ಕುರಿ ಆಡುಗಳಿಂದ ಪಿಪಿಆರ್ ರೋಗ ತಗುಲಿ ಸಾವಿರಾರು ಸಾಯ್ಗಾಗಳು ಸತ್ತವು. ನಮ್ಮ ಕುರಿಗಾಹಿಗಳು ಹಿರೇಬೇನೆ ಎಂದು ಹೆದರುವ ರೋಗ ಇದೇ. ಸಾಕುಪ್ರಾಣಿಗೆ ಲಸಿಕೆ ಹಾಕಿಸದಿದ್ದರೆ ಕಾಡುಪ್ರಾಣಿಯೂ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. 1990ರ ವೇಳೆಗೆ ಮಂಗೋಲಿಯಾದಲ್ಲಿ ಒಟ್ಟು 2.6 ಕೋಟಿಯಷ್ಟು ಜಾನುವಾರುಗಳಿದ್ದವು, ಅವುಗಳಲ್ಲಿ ಆಡುಗಳು 51 ಲಕ್ಷ. 2019ರ ಹೊತ್ತಿಗೆ ಒಟ್ಟು ಸಂಖ್ಯೆ ಏಳು ಕೋಟಿಯನ್ನು ದಾಟಿ, ಆಡುಗಳೇ 2.9 ಕೋಟಿಗೆ ಏರಿದವು. ಹಳೆಯ ಸಹಕಾರಿ ಪಶುಸಂಘಗಳಾದ ನೆಗ್ದೆಲ್‌ಗಳು 1990ರ ದಶಕದ ಆರಂಭದಲ್ಲಿ ವಿಸರ್ಜನೆಗೊಂಡಾಗ ಜಾನುವಾರುಗಳನ್ನು ಜನರಿಗೆ ಹಂಚಿದರು. ಕೆಲಸ ಕಳೆದುಕೊಂಡ ಪಟ್ಟಣಿಗರೂ ಪಶುಪಾಲನೆಗೆ ಮರಳಿದರು. ನಗದು ತರುವ ಸರಕೆಂದರೆ ವಸಂತದಲ್ಲಿ ಆಡಿನ ಮೈಯಿಂದ ಬಾಚಿ ತೆಗೆಯುವ ಕಾಶ್ಮೀರಿ ಉಣ್ಣೆಯೊಂದೇ ಆಯಿತು. ಈ ಉಣ್ಣೆಯ ಉತ್ಪಾದನೆಯಲ್ಲಿ ಚೀನಾದ ನಂತರದ ಸ್ಥಾನ ಮಂಗೋಲಿಯಾದ್ದು. ಆದರೆ ಆಡು ಹುಲ್ಲನ್ನು ಬುಡದವರೆಗೂ ಮೇಯುವ ಪ್ರಾಣಿ. ನೆಗ್ದೆಲ್‌ಗಳು ಹಿಂದೆ ಬಾವಿಗಳನ್ನು ನೋಡಿಕೊಳ್ಳುತ್ತಿದ್ದವು, ಬೀಡು ಬದಲಿಸಲು ವಾಹನ ಕೊಡುತ್ತಿದ್ದವು, ತುರ್ತು ಕಾಲಕ್ಕೆಂದು ಹುಲ್ಲು ಕೂಡಿಡುತ್ತಿದ್ದವು. ಅವು ಹೋದ ಮೇಲೆ ಅನೇಕ ಬಾವಿಗಳು ಕೆಟ್ಟು ನಿಂತವು. ನೀರಿಲ್ಲದ ಹುಲ್ಲುಗಾವಲಿಗೆ ಹೋಗಲಾರದ ಜನ ನೀರಿರುವ ಕಡೆಯೇ ಗುಂಪುಗೂಡಿದ್ದರಿಂದ ಅಲ್ಲಿಯ ನೆಲ ಸವೆಯಿತು. ನಡಿಗೆ ಕಡಿಮೆಯಾದದ್ದು ಈ ಹಾನಿಗೆ ಒಂದು ಮುಖ್ಯ ಕಾರಣ ಎಂಬುದನ್ನು ಮರೆತು, ಹಾನಿಯನ್ನೆಲ್ಲ ಸಮಷ್ಟಿ ಒಡೆತನದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮಕ್ಕಳ ಓದಿನ ಪ್ರಶ್ನೆ ಇನ್ನೂ ಕಷ್ಟದ್ದು. ನಮ್ಮ ಹೋಬಳಿಯನ್ನು ಹೋಲುವ ಸುಮ್ ಎಂಬ ಆಡಳಿತ ಘಟಕದ ಕೇಂದ್ರದಲ್ಲಿ ಶಾಲೆ ಮತ್ತು ವಿದ್ಯಾರ್ಥಿನಿಲಯ ಇರುತ್ತವೆ. ಆರನೆಯ ವಯಸ್ಸಿಗೇ ಮಗುವನ್ನು ಅಲ್ಲಿ ಬಿಡಬೇಕು, ಇಲ್ಲವೇ ತಾಯಿ ಮಕ್ಕಳೊಡನೆ ಸುಮ್ ಕೇಂದ್ರದಲ್ಲಿ ಉಳಿದು, ತಂದೆಯೊಬ್ಬನೇ ಹಿಂಡಿನ ಜೊತೆ ಚಳಿಗಾಲ ಕಳೆಯಬೇಕು. ಜುಡ್‌ನಲ್ಲಿ ಹಿಂಡು ಕಳೆದುಕೊಂಡ ಸಂಸಾರಗಳು ರಾಜಧಾನಿಯ ಹೊರವಲಯಕ್ಕೆ ಹೋಗಿ ಅಲ್ಲಿಯೇ ಗೆರ್ ಹಾಕಿಕೊಂಡು ಉಳಿಯುತ್ತವೆ. ದೇಶದ ಹತ್ತಿರ ಹತ್ತಿರ ಅರ್ಧದಷ್ಟು ಜನ ಈಗ ಉಲಾನ್‌ಬಾತರ್ ಒಂದರಲ್ಲೇ ಇದ್ದಾರೆ.

ಈ ವಿಷಯ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಓದುಗರಿಗೆ ಏಕೆ ಮುಖ್ಯವೆಂದು ಯಾರಾದರೂ ಕೇಳಿದರೆ, ಅಜ್ಜಂಪುರ, ಬೀರೂರು, ಅರಸೀಕೆರೆ ಸುತ್ತಿನ ಅಮೃತ್ ಮಹಲ್ ಕಾವಲುಗಳ ಕಡೆಗೆ ಅವರ ಗಮನ ಸೆಳೆಯಬಯಸುತ್ತೇನೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಅಮೃತ್ ಮಹಲ್ ರಾಸುಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಗೋಬಿಯ ಪಶುಪಾಲಕರದ್ದೂ ಇದೇ ತತ್ತ್ವ. ಕಾವಲು, ಗೋಮಾಳ, ಹುಲ್ಲುಬನ್ನಿಗಳ ಬಹುಭಾಗ ಇಂದು ಸಾಗುವಳಿಗೆ, ನಿವೇಶನಕ್ಕೆ, ನೆಡುತೋಪಿಗೆ, ಯೋಜನೆಗಳಿಗೆ ಹೋಗಿದೆ. ಹೋದಾಗಲೆಲ್ಲ ಮುಂದಿಟ್ಟ ಕಾರಣ ಆ ಜಾಗ ಬಳಕೆಯಲ್ಲಿಲ್ಲ ಎಂಬುದೇ. ಆದರೆ ಚಳ್ಳಕೆರೆ, ಹಿರಿಯೂರು ಕಡೆಯಿಂದ ಬಂದು ಕೊಯ್ಲಾದ ಗದ್ದೆಗಳಲ್ಲಿ ಕುರಿ ಮಂದೆ ನಿಲ್ಲಿಸುವವರಿಗೆ ದಾರಿಯ ಮೇವು ಸಿಗುತ್ತಿದ್ದುದು ಇಂಥ ಜಾಗಗಳಲ್ಲೇ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದರಿಂದ ಅಲ್ಲಿಯ ಕೃಷ್ಣಮೃಗಗಳಿಗೆ ಒಂದು ನೆಲೆ ಉಳಿದಿದೆ. ಗೋಬಿ-ಆಲ್ಟಾಯ್ ಪಾಳುನೆಲವೆಂದು ಶಾಲೆಯಲ್ಲಿ ಓದಿದ ಮಗು ಮುಂದೆ ದೊಡ್ಡವನಾಗಿ ಕಚೇರಿಯಲ್ಲಿ ಕೂತಾಗ ತನ್ನ ಊರಿನ ಕಾವಲನ್ನೂ ಅದೇ ಕಣ್ಣಿನಿಂದ ನೋಡುತ್ತದೆ ಎಂಬುದೇ ನನ್ನ ಆತಂಕ.

ಆದ್ದರಿಂದ ವಿದ್ಯಾರ್ಥಿ ಪುಟದಲ್ಲಿ ಈ ಪ್ರಾಂತ್ಯದ ಬಗ್ಗೆ ಇನ್ನೊಂದು ಬರಹವನ್ನು ದಯವಿಟ್ಟು ಪ್ರಕಟಿಸಬೇಕು. ಅದರಲ್ಲಿ ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬ ಅಂಕಿಯ ಜೊತೆಗೆ, ಒಂದು ಪಶುಪಾಲಕ ಸಂಸಾರ ನಾಲ್ಕು ಋತುಗಳಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತೋರಿಸುವ ಸರಳ ನಕ್ಷೆಯೊಂದು ಇರಲಿ; ಸಾಧ್ಯವಾದರೆ ಅದೇ ಪುಟದಲ್ಲಿ ನಮ್ಮ ಎರಡು ಜಿಲ್ಲೆಗಳ ಹಳೆಯ ಕಾವಲುಗಳ ನಕ್ಷೆಯನ್ನೂ ಮುದ್ರಿಸಿದರೆ, ಶಾಲೆಗಳ ಶಿಕ್ಷಕರು ಅದನ್ನು ತರಗತಿಯ ಗೋಡೆಗೆ ಅಂಟಿಸಿಕೊಂಡು ಪಾಠ ಮಾಡಲು ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕ,
ಕಡೂರು ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ